ಜಾವಾದ ಜ್ವಾಲಾಮುಖಿ ಸೀಮೆಯಲ್ಲಿ ಎಂಟು ದಿನ ಸಿಕ್ಕರೆ ಏನೇನು ನೋಡಬಹುದು?

ನೀವು, ನಿಮ್ಮ ಮಡದಿ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು ಮತ್ತು 65 ದಾಟಿದ ತಾಯಿಯವರು ಡಿಸೆಂಬರ್ ರಜೆಯಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಹೊರಟು ಎಂಟು ದಿನ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ತಿರುಗಾಡಬೇಕೆಂದಿದ್ದೀರಿ. ಜ್ವಾಲಾಮುಖಿಗಳ ಸೀಮೆಯಲ್ಲಿ ನೋಡಲೇಬೇಕಾದ ಪ್ರಕೃತಿತಾಣಗಳು ಯಾವುವು, ತಾಯಿಯವರನ್ನು ಕರೆದೊಯ್ಯಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಬದಿಯಡ್ಕದ ಸಮೀಪದ ಅಡಿಕೆ ಕೃಷಿಕ. ನನ್ನ ಮಡದಿ ಮತ್ತು ಅಣ್ಣನೊಂದಿಗೆ ಪೂರ್ವ ಜಾವಾಕ್ಕೆ ಹೋಗಿ ಬಂದವನಾದ್ದರಿಂದ, ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲನೆಯದಾಗಿ, ಡಿಸೆಂಬರನ್ನು ದಯವಿಟ್ಟು ಕೈಬಿಡಿ. ಜಾವಾ ಭೂಮಧ್ಯರೇಖೆಯಿಂದ ದಕ್ಷಿಣಕ್ಕಿರುವುದರಿಂದ ಅಲ್ಲಿಯ ಮಳೆಗಾಲ ನಮ್ಮದಕ್ಕೆ ತಿರುಗುಮುರುಗು. ನವೆಂಬರಿನಿಂದ ಮಾರ್ಚ್ ವರೆಗೆ ಅಲ್ಲಿ ಜೋರು ಮಳೆ. ನಮ್ಮಲ್ಲಿ ಜುಲೈ-ಆಗಸ್ಟಿನ ಆಟಿಯ ಮಳೆ ಸುರಿಯುವಾಗ ಅಲ್ಲಿಯ ಆಕಾಶ ತಿಳಿಯಾಗಿರುತ್ತದೆ. ಜ್ವಾಲಾಮುಖಿಯ ಇಳಿಜಾರಿನಲ್ಲಿ ಮಳೆಗಾಲವೆಂದರೆ ಮಂಜು ಕವಿದು ನೋಟ ತಪ್ಪುವುದಷ್ಟೇ ಅಲ್ಲ. ಮೇಲೆ ರಾಶಿ ಬಿದ್ದಿರುವ ಬೂದಿ, ಮರಳು, ಬಂಡೆಗಳು ಮಳೆನೀರಿನೊಂದಿಗೆ ಸೇರಿ ಕೆಸರಿನ ಪ್ರವಾಹವಾಗಿ ಹೊಳೆಯಗುಂಟ ನುಗ್ಗಿ ಬರುತ್ತವೆ. ಇಂಥ ಪ್ರವಾಹಕ್ಕೆ ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ 'ಲಹಾರ್' ಎಂಬ ಪದ ಜಾವಾ ಭಾಷೆಯದೇ ಎಂದರೆ, ಆ ಜನ ಅದನ್ನು ಎಷ್ಟು ಕಂಡಿರಬೇಕು ಎಂದು ಊಹಿಸಿಕೊಳ್ಳಿ. ಮಕ್ಕಳ ಶಾಲೆಯ ದೃಷ್ಟಿಯಿಂದ ಓಣಂ ರಜೆ ನಿಮಗೆ ಸರಿಹೊಂದೀತು. ಅದು ಅಲ್ಲಿಯ ಒಣಹವೆಯ ನಡುವಿನಲ್ಲೇ ಬರುತ್ತದೆ. ನಾವು ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದನ್ನು ಮೊದಲ ಸಲ ಸಿಂಪಡಿಸಿ, ಎರಡನೆಯದಕ್ಕೆ ಮುನ್ನ ಸಿಕ್ಕ ಬಿಡುವಿನಲ್ಲಿ ಹೊರಟಿದ್ದೆವು.

ಎರಡನೆಯದು ಆಯ್ಕೆಯ ವಿಚಾರ. ಜಾವಾ ಉದ್ದಕ್ಕೆ ಸುಮಾರು 1000 ಕಿಲೋಮೀಟರ್ ಇರುವ ದ್ವೀಪ. 1883ರಲ್ಲಿ ಸಿಡಿದು, ಅದರಿಂದೆದ್ದ ಸುನಾಮಿಯೊಂದಿಗೆ 36,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕ್ರಕಟೋವಾ ಅದರ ಪಶ್ಚಿಮದ ಕಡಲಿನಲ್ಲಿದೆ, ಮೆರಾಪಿ ಎಂಬ ಜ್ವಾಲಾಮುಖಿ ನಡುಭಾಗದಲ್ಲಿದೆ. ಎಲ್ಲವನ್ನೂ ನೋಡಹೊರಟರೆ ಎಂಟು ದಿನವೂ ವಾಹನದಲ್ಲೇ ಕಳೆಯುತ್ತದೆ. ನೇರವಾಗಿ ಪೂರ್ವದ ಸುರಬಾಯ ನಗರಕ್ಕೆ ಇಳಿದು ಬ್ರೋಮೊ, ತುಂಪಾಕ್ ಸೆವು, ಇಜೆನ್ ಎಂಬ ಮೂರನ್ನು ಮಾತ್ರ ಸಾವಕಾಶವಾಗಿ ನೋಡಿ ಎಂಬುದು ನನ್ನ ಸಲಹೆ. ನಾವು ಕೊಚ್ಚಿಯಿಂದ ಹೊರಟು ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿದ್ದೆವು.

ಬ್ರೋಮೊ 2329 ಮೀಟರ್ ಎತ್ತರದ ಬೆಟ್ಟ. ಸುಮಾರು ಹತ್ತು ಕಿಲೋಮೀಟರ್ ಅಗಲದ ಒಂದು ಪುರಾತನ ಜ್ವಾಲಾಮುಖಿಯ ಕುಸಿದ ಬಾಯಿಯೊಳಗೆ ಅದು ಎದ್ದು ನಿಂತಿದೆ. ಸುತ್ತಲೂ ಕಪ್ಪು ಮರಳಿನ ಬಯಲು. ನಸುಕಿಗೆ ಮುನ್ನ ಜೀಪಿನಲ್ಲಿ ಪೆನಂಜಾಕನ್ ಎಂಬ ಎತ್ತರದ ಅಂಚಿಗೆ ಹೋದರೆ ಹೊಗೆಯಾಡುವ ಬ್ರೋಮೊ, ಅದರ ಪಕ್ಕದಲ್ಲಿ ಮೈತುಂಬ ಕೊರಕಲುಗಳ ಬಾತೊಕ್, ಹಿಂದೆ ಜಾವಾದ ಅತಿ ಎತ್ತರದ ಶಿಖರವಾದ 3676 ಮೀಟರಿನ ಸೆಮೆರು, ಎಲ್ಲವೂ ಒಂದೇ ನೋಟದಲ್ಲಿ ಸಿಗುತ್ತವೆ. ಬ್ರೋಮೊ ಎಂದರೆ ಬ್ರಹ್ಮ, ಸೆಮೆರು ಎಂದರೆ ಸುಮೇರು. ಅಲ್ಲಿಯ ತೆಂಗ್ಗೆರ್ ಜನರು ಇಂದಿಗೂ ಹಿಂದೂಗಳಾಗಿದ್ದು, ವರ್ಷಕ್ಕೊಮ್ಮೆ ಕಸಾದ ಹಬ್ಬದಲ್ಲಿ ತಾವು ಬೆಳೆದ ತರಕಾರಿ, ಹಣ್ಣು, ಕೋಳಿ, ಆಡುಗಳನ್ನು ಬ್ರೋಮೊದ ಬಾಯಿಗೆ ಅರ್ಪಿಸುತ್ತಾರೆ. ದೈವಕ್ಕೆ ಹರಕೆ ಒಪ್ಪಿಸಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮರಳಿನ ಬಯಲನ್ನು ದಾಟಿ ಸುಮಾರು 250 ಮೆಟ್ಟಿಲು ಹತ್ತಿದರೆ ಬಾಯಿಯ ಅಂಚು ಸಿಗುತ್ತದೆ. ಒಳಗಿನಿಂದ ಬರುವ ನಿರಂತರ ಭೋರ್ಗರೆತವನ್ನು ಮಾತು ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ. ಚಳಿಯನ್ನು ಮಾತ್ರ ಹಗುರವಾಗಿ ಎಣಿಸಬೇಡಿ. ಒಣಹವೆಯ ತಿಂಗಳುಗಳಲ್ಲಿ ಅಲ್ಲಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟು, ಮತ್ತು ನಮ್ಮೂರಿನವರ ಬಳಿ ಅದಕ್ಕೆ ತಕ್ಕ ಬಟ್ಟೆ ಇರುವುದಿಲ್ಲ.

ತುಂಪಾಕ್ ಸೆವು ನನಗೆ ಮೂರರಲ್ಲಿ ಅತ್ಯಂತ ಹತ್ತಿರದ್ದೆನಿಸಿತು. ಲುಮಾಜಾಂಗ್ ಜಿಲ್ಲೆಯ ಈ ಜಲಪಾತ ಸುಮಾರು 120 ಮೀಟರ್ ಎತ್ತರವಿದೆ. ಅರ್ಧಚಂದ್ರಾಕಾರದ ಕಡಿದಾದ ಗೋಡೆಯ ಉದ್ದಕ್ಕೂ ನೂರಾರು ಎಳೆಗಳಾಗಿ ನೀರು ಬೀಳುತ್ತದೆ. 'ಸೆವು' ಎಂದರೆ ಸಾವಿರ. ಚಿತ್ರಗಳಲ್ಲಿ ನೋಡಿದಾಗ ಇಡೀ ನೀರು ಮೇಲಿನ ಹೊಳೆಯದೆಂದೇ ಭಾವಿಸಿದ್ದೆ. ಎದುರು ನಿಂತು ನೋಡಿದಾಗ ಒಂದಿಷ್ಟು ಎಳೆಗಳು ಗೋಡೆಯ ತಲೆಯಿಂದಲ್ಲ, ಅರ್ಧ ಎತ್ತರದಲ್ಲಿ ಬಂಡೆಯ ಪದರುಗಳ ನಡುವಿನಿಂದಲೇ ಹೊರಟು ಬರುತ್ತಿರುವುದು ಕಂಡಿತು. ಜ್ವಾಲಾಮುಖಿಯ ಬೂದಿ ಮತ್ತು ಮರಳಿನ ಸಡಿಲ ಪದರುಗಳಲ್ಲಿ ಮಳೆನೀರು ಕೆಳಗಿಳಿದು, ನೀರು ಬಿಡದ ಗಟ್ಟಿ ಪದರ ಸಿಕ್ಕೊಡನೆ ಅಡ್ಡಕ್ಕೆ ಹರಿದು ಗೋಡೆಯಲ್ಲಿ ಬಾಯಿ ತೆರೆಯುತ್ತದೆ. ಅಣ್ಣ ಅದನ್ನು ನೋಡಿದವನೇ "ಇದು ನಮ್ಮ ಸುರಂಗದ ನೀರೇ ಅಲ್ಲವೇ" ಎಂದ. ಬಾಯಾರು, ಎಣ್ಮಕಜೆಯ ಕಡೆ ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಸುರಂಗ ಕೊರೆದು, ಒಳಗೆ ಜಿನುಗುವ ನೀರನ್ನು ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ದೋಣಿಯಲ್ಲಿ) ಮದಕಕ್ಕೆ, ಅಂದರೆ ಕೆರೆಗೆ, ಹರಿಸಿಕೊಳ್ಳುವುದನ್ನು ನೋಡಿ ಬೆಳೆದ ನಿಮ್ಮ ಮಕ್ಕಳಿಗೂ ಇದು ಕೂಡಲೇ ಅರ್ಥವಾದೀತು. ಅವರಿಗೆ ಆ ಎಳೆಗಳನ್ನು ಬೊಟ್ಟು ಮಾಡಿ ತೋರಿಸಿ.

ಮೇಲಿನ ಕಟ್ಟೆಯಿಂದ ನೋಡಲು ನಡಿಗೆ ಕಡಿಮೆ, ತಾಯಿಯವರಿಗೆ ಅಷ್ಟೇ ಸಾಕು. ಕೆಳಗಿನ ಕಣಿವೆಗೆ ಇಳಿಯುವ ದಾರಿಯಲ್ಲಿ ಬಿದಿರಿನ ಏಣಿಗಳಿದ್ದು, ಒದ್ದೆ ಬಂಡೆಯ ಮೇಲೆ ಹಗ್ಗ ಹಿಡಿದು ನಡೆಯಬೇಕಾಗುತ್ತದೆ. ಮೋಡ ಕಟ್ಟಿದ್ದರೆ ಯಾರೂ ಇಳಿಯಬಾರದು. ಬೆಳಗ್ಗೆ ಬೇಗ ಹೋದರೆ ಜಲಪಾತದ ಹಿಂದೆ ಸೆಮೆರು ಕಾಣಿಸುತ್ತದೆ. ಅದು ಎಚ್ಚರವಿರುವ ಪರ್ವತ. 2021ರ ಡಿಸೆಂಬರ್ 4ರಂದು ಅದು ಉಗುಳಿದ ಬೂದಿ ಮತ್ತು ಬಿಸಿ ಪ್ರವಾಹಕ್ಕೆ 50ಕ್ಕೂ ಹೆಚ್ಚು ಜನ ಬಲಿಯಾದರು, ಲುಮಾಜಾಂಗ್ ಮತ್ತು ಮಲಾಂಗ್ ನಡುವಿನ ಗ್ಲಾದಕ್ ಪೆರಕ್ ಸೇತುವೆಯೇ ಕೊಚ್ಚಿಹೋಯಿತು. ಹೀಗಿದ್ದೂ ಜನ ಅದರ ಬುಡದಲ್ಲೇ ಬದುಕು ಕಟ್ಟಿಕೊಂಡಿರುವುದಕ್ಕೆ ಆ ಬೂದಿ ಕೊಡುವ ಮಣ್ಣೇ ದೊಡ್ಡ ಕಾರಣ. ದಾರಿಬದಿಯ ತೋಟದಲ್ಲಿ ಒಂದು ಹಿಡಿ ಮಣ್ಣನ್ನು ತೆಗೆದುಕೊಂಡೆ. ಕಪ್ಪಗೆ, ಹಗುರವಾಗಿ, ಬೆರಳ ಸಂದಿಯಿಂದ ಪುಡಿಪುಡಿಯಾಗಿ ಜಾರಿತು. ನಮ್ಮ ಮುರಕಲ್ಲಿನ ಗುಡ್ಡದಲ್ಲಿ ಒಂದು ಅಡಿಕೆ ಗುಂಡಿ ತೋಡಲು ಪಿಕ್ಕಾಸು ಹಿಡಿದು ಬೆವರಿದವನಿಗೆ ಆ ಮಣ್ಣನ್ನು ಕೆಳಗೆ ಹಾಕಲು ಮನಸ್ಸೇ ಬರುವುದಿಲ್ಲ.

ಇನ್ನು ಇಜೆನ್. ಬಾನ್ಯುವಾಂಗಿಯ ಕಡೆಯಿರುವ ಈ ಬೆಟ್ಟದ ಬಾಯಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಸರೋವರವಿದ್ದು, ಅದು ತೀವ್ರ ಆಮ್ಲದಿಂದ ಕೂಡಿದ ಜ್ವಾಲಾಮುಖಿ ಸರೋವರಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ನೀರಿನ ಬಣ್ಣ ಹೇಗೆಂದರೆ, ಅಡಿಕೆಯ ಮದ್ದಿಗೆಂದು ಡ್ರಮ್ಮಿನಲ್ಲಿ ಮೈಲುತುತ್ತಿಗೆ ಸುಣ್ಣದ ನೀರು ಬೆರೆಸಿ ಕೋಲಿನಿಂದ ತಿರುಗಿಸಿದಾಗ ಬರುವ ಆ ನೀಲಿ. ದಡದ ಬಿರುಕುಗಳಿಂದ ಹೊರಡುವ ಗಂಧಕದ ಅನಿಲ ಗಾಳಿ ತಾಗಿದೊಡನೆ ಹೊತ್ತಿಕೊಂಡು ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಅದು ಲಾವಾ ಅಲ್ಲ, ಉರಿಯುವ ಅನಿಲ. ಕತ್ತಲಲ್ಲಿ ಮಾತ್ರ ಕಾಣುವುದರಿಂದ ಜನ ನಡುರಾತ್ರಿಯ ಬಳಿಕ ಪಾಲ್ತುದಿಂಗ್‌ನಿಂದ ಸುಮಾರು ಮೂರು ಕಿಲೋಮೀಟರ್ ಏರುದಾರಿ ಹತ್ತುತ್ತಾರೆ.

ನಾವೂ ಹತ್ತಿದೆವು. ಹಿಂದಿನ ದಿನವೇ ರಕ್ತದೊತ್ತಡ ನೋಡಿಸಿ ಆರೋಗ್ಯದ ಚೀಟಿ ಪಡೆದಿದ್ದೆವು, ಬಾಡಿಗೆಗೆ ಅನಿಲದ ಮುಖವಾಡವನ್ನೂ ತೆಗೆದುಕೊಂಡಿದ್ದೆವು. ಅಂಚಿನಿಂದ ಕೆಳಗಿಳಿಯಲು ತೊಡಗಿ ಸ್ವಲ್ಪದರಲ್ಲೇ ಗಾಳಿ ತಿರುಗಿ ಬಿಳಿ ಹೊಗೆ ನೇರ ನಮ್ಮತ್ತ ಬಂತು. ಮುಖವಾಡ ಅಣ್ಣನ ಮುಖಕ್ಕೆ ಸರಿಯಾಗಿ ಕೂತಿರಲಿಲ್ಲ. ಕೆಮ್ಮು ಹತ್ತಿ ಕಣ್ಣಲ್ಲಿ ನೀರಿಳಿಯಿತು, ಎರಡು ನಿಮಿಷ ಅವನಿಗೆ ಮಾತೇ ಹೊರಡಲಿಲ್ಲ. ಅಲ್ಲಿಂದಲೇ ಮೇಲೆ ಬಂದೆವು. ನೀಲಿ ಜ್ವಾಲೆ ನನಗೆ ದೂರದಿಂದ ಒಂದು ಮಿನುಗಾಗಿ ಕಂಡಿತಷ್ಟೇ. ಅಂಚಿನಲ್ಲಿ ಕುಳಿತು ಬೆಳಕು ಹರಿಯುವುದನ್ನು ಕಾಯುತ್ತಿದ್ದಾಗ ಗಂಧಕ ಹೊರುವವರು ಒಬ್ಬೊಬ್ಬರಾಗಿ ಮೇಲೆ ಬಂದರು. ಅನಿಲವನ್ನು ಕೊಳವೆಗಳಲ್ಲಿ ಹಾಯಿಸಿ, ತಣಿದು ಗಟ್ಟಿಯಾದ ಹಳದಿ ಗಂಧಕವನ್ನು ಒಡೆದು, ಬಿದಿರಿನ ಅಡ್ಡೆಯ ಎರಡು ಬುಟ್ಟಿಗಳಲ್ಲಿ ಒಂದು ಸಲಕ್ಕೆ 70ರಿಂದ 90 ಕಿಲೋ ಹೊತ್ತು ಅವರು ಆ ಕಡಿದಾದ ದಾರಿ ಏರುತ್ತಾರೆ. 50 ಕಿಲೋದ ಅಕ್ಕಿಮೂಟೆಯನ್ನು ಅಂಗಳದಿಂದ ಅಟ್ಟಕ್ಕೆ ಸಾಗಿಸಿದ ನೆನಪಿರುವ ನನಗೆ, ನನ್ನ ಪಕ್ಕದಲ್ಲಿ ಅಡ್ಡೆ ಇಳಿಸಿ ಕುಳಿತವರ ಹೆಗಲ ಮೇಲಿನ ಗಂಟನ್ನು ನೋಡಲು ಸಂಕಟವಾಯಿತು. ಅವರಿಗೆ ದಾರಿ ಬಿಡಿ, ಕೇಳದೆ ಚಿತ್ರ ತೆಗೆಯಬೇಡಿ.

ತಾಯಿಯವರ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಬ್ರೋಮೊದ ನಸುಕು ಮತ್ತು ತುಂಪಾಕ್ ಸೆವುವಿನ ಮೇಲಿನ ನೋಟಕ್ಕೆ ಅವರು ಧಾರಾಳವಾಗಿ ಬರಬಹುದು, ಇಜೆನ್‌ಗೆ ಬೇಡ. ದಮ್ಮು ಅಥವಾ ಹೃದಯದ ತೊಂದರೆ ಇರುವವರು ಯಾವ ವಯಸ್ಸಿನವರಾದರೂ ಅಲ್ಲಿಗೆ ಹೋಗಬಾರದು. ಮಕ್ಕಳನ್ನು ಅಂಚಿನವರೆಗೆ ಕರೆದೊಯ್ಯಿರಿ, ಬಾಯಿಯೊಳಗೆ ಇಳಿಸಬೇಡಿ. ಬೆಳಕು ಹರಿದ ಮೇಲೆ ಅಂಚಿನಿಂದ ಕಾಣುವ ಸರೋವರವೇ ಅಷ್ಟು ದೂರ ನಡೆದುದಕ್ಕೆ ಸಾಕಷ್ಟು ಫಲ ಕೊಡುತ್ತದೆ.

ಹೊರಡುವ ಮುನ್ನ ಮತ್ತು ಅಲ್ಲಿರುವಾಗ ಪ್ರತಿದಿನವೂ ಆಯಾ ಪರ್ವತದ ಎಚ್ಚರಿಕೆಯ ಹಂತವನ್ನು ವಿಚಾರಿಸಿಕೊಳ್ಳಿ. ಇಂಡೋನೇಷ್ಯಾ ಸರಕಾರ ನಾಲ್ಕು ಹಂತಗಳನ್ನಿಟ್ಟಿದೆ. ಒಂದನೆಯದು ಸಾಮಾನ್ಯ ಸ್ಥಿತಿ, ನಾಲ್ಕನೆಯದಾದ 'ಅವಾಸ್' ಎಂದರೆ ಅತ್ಯಂತ ಅಪಾಯ. ದಾರಿ ಮುಚ್ಚಿದ್ದರೆ ಒಳದಾರಿಯಲ್ಲಿ ಕರೆದೊಯ್ಯುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ಎಂಟರಲ್ಲಿ ಒಂದು ದಿನವನ್ನು ಇದಕ್ಕಾಗಿಯೇ ಖಾಲಿ ಬಿಡಿ. ಅದು ಉಳಿದರೆ ಇಜೆನ್‌ನಿಂದ ಹೆಚ್ಚು ದೂರವಿಲ್ಲದ ಬಾಲುರಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. ಆರಿದ ಜ್ವಾಲಾಮುಖಿಯ ಬುಡದ ಹುಲ್ಲುಗಾವಲಿನಲ್ಲಿ ಬಾನ್‌ತೆಂಗ್ ಎಂಬ ಕಾಡುದನಗಳಿವೆ, ತಾಯಿಯವರು ವಾಹನದಲ್ಲೇ ಕುಳಿತು ನೋಡಬಹುದು. ಆದರೆ ಇಜೆನ್ ಹತ್ತಿದ ದಿನವೇ ಅದನ್ನು ಇಟ್ಟುಕೊಳ್ಳಬೇಡಿ, ನಿದ್ದೆಗೆಟ್ಟ ಮಕ್ಕಳು ದಾರಿಯುದ್ದಕ್ಕೂ ಮಲಗಿಯೇ ಇರುತ್ತಾರೆ.