ಮದುವೆ ಸೀರೆ: ಗೌನ್ ಹೊಲಿಸೋ ಮೊದಲು ಒಂದ್ಸಲ ಬಿಚ್ಚಿ ನೋಡಿ

ಮದುವೆ ಸೀರೆ ಏನು ಮಾಡಲಿ ಅಂತ ಕೇಳಿದ ಮಡಿಕೇರಿಯ ತಂಗಿಗೆ ಈ ಉತ್ತರ. ಏಪ್ರಿಲ್‌ನಲ್ಲಿ ಮದುವೆ ಆಯ್ತು, ಕೆಂಪು ರೇಷ್ಮೆ ಸೀರೆ, ರಿಸೆಪ್ಶನ್‌ಗೆ ಲೆಹಂಗಾ, ಅತ್ತೆ ಬೀರುವಿನಲ್ಲಿ ಇಡು ಅಂತಾರೆ, ಅಕ್ಕ ಗೌನ್ ಹೊಲಿಸು ಅಂತಾಳೆ ಅಂತ ಬರೆದಿದ್ದೀರಿ. ಬಂದ ಉತ್ತರಗಳನ್ನೆಲ್ಲ ಓದಿದೆ. ಗೌನು, ಕುಶನ್ ಕವರು, ಗೋಡೆಗೆ ಫ್ರೇಮು, ಎಲ್ಲ ಬಂತು. ಸೀರೆ ಈಗ ಹೇಗಿದೆ ಅಂತ ಮಾತ್ರ ಯಾರೂ ಕೇಳಿಲ್ಲ. ಬೆಂಗಳೂರಿನವರು ನಿಧಾನವಾಗಿ ಯೋಚನೆ ಮಾಡಬಹುದು. ಕೊಡಗಿನ ನಮಗೆ ಜೂನ್‌ನಲ್ಲಿ ಮಳೆ ಹಿಡಿಯೋ ತನಕ ಮಾತ್ರ ಟೈಮು. ಆಮೇಲೆ ನಿಮ್ಮ ಪರವಾಗಿ ಬೂಷ್ಟೇ ತೀರ್ಮಾನ ಮಾಡುತ್ತೆ.

ಇವತ್ತೇ ಹಾಸಿಗೆ ಮೇಲೆ ಬಿಳಿ ಬಟ್ಟೆ ಹಾಸಿ ಸೀರೆ ಪೂರ್ತಿ ಬಿಚ್ಚಿ, ಹಗಲು ಬೆಳಕಿನಲ್ಲಿ ನೋಡಿ. ನಮ್ಮ ಕೊಡವರ ಕಡೆ ಉಡುವ ರೀತಿಯಲ್ಲಿ ನೆರಿಗೆ ಹಿಂದೆ, ಸೆರಗು ಎಡಗೈ ಕೆಳಗಿನಿಂದ ಬಂದು ಬಲ ಹೆಗಲ ಮೇಲೆ ಪಿನ್ ಆಗುತ್ತೆ. ಸೆರಗಿನ ಭಾರ ಪೂರ್ತಿ ಆ ಒಂದು ಪಿನ್ ಮೇಲೆ. ಅಲ್ಲಿ ಎಳೆ ಸರಿದು ಸಣ್ಣ ತೂತು ಬಿದ್ದಿರುತ್ತೆ, ಬೆಳಕಿಗೆ ಹಿಡಿದರೆ ಕಾಣುತ್ತೆ. ಹಿಂದಿನ ನೆರಿಗೆ ಮೇಲೇ ಗಂಟೆಗಟ್ಟಲೆ ಕೂತಿರ್ತೀರಿ, ಹಾಗಾಗಿ ಆ ಜಾಗದಲ್ಲಿ ಜರಿ ಒತ್ತಿ ಮುರಿದಿದೆಯಾ ನೋಡಿ.

ಇನ್ನೊಂದು, ಹಾಲು. ಮೂರ್ತದಲ್ಲಿ (ಮುಹೂರ್ತದ ಶಾಸ್ತ್ರ) ಮುಕ್ಕಾಲಿ ಮೇಲೆ ಕೂರಿಸಿ ಬಂದವರೆಲ್ಲ ಅಕ್ಕಿ ಹಾಕಿ ಕಿಂಡಿಯಲ್ಲಿ (ಕೊಳವೆ ಬಾಯಿಯ ಚೊಂಬು) ಹಾಲು ಕುಡಿಸ್ತಾರಲ್ಲ, ಅಷ್ಟು ಜನ ಕುಡಿಸುವಾಗ ನಾಲ್ಕು ಹನಿ ಎದೆ ಮೇಲೆ, ಮಡಿಲಿಗೆ ಬಿದ್ದೇ ಬೀಳುತ್ತೆ. ಒಣಗಿದ ಮೇಲೆ ಕಣ್ಣಿಗೆ ಕಾಣಲ್ಲ. ಹಾಗೇ ಮಡಚಿಟ್ಟರೆ ಕೆಲವು ತಿಂಗಳಲ್ಲಿ ಹಳದಿ ಕಲೆ ಏಳುತ್ತೆ, ಬೂಷ್ಟು ಮೊದಲು ಹಿಡಿಯೋದೂ ಅಲ್ಲೇ. ಕೈಯಲ್ಲಿ ಸವರಿದರೆ ಒರಟಾಗಿ ಸಿಗುತ್ತೆ. ಅಲ್ಲೆಲ್ಲ ಬಿಳಿ ದಾರದಲ್ಲಿ ಒಂದೊಂದು ಹೊಲಿಗೆ ಹಾಕಿ ಗುರುತು ಮಾಡಿ, ಡ್ರೈ ಕ್ಲೀನ್ ಅಂಗಡಿಯವರಿಗೆ ಇದು ಹಾಲು, ಇದು ಬೆವರು, ಇದು ಎಣ್ಣೆ ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ಕೊಟ್ಟು ಬಂದರೆ ಎಲ್ಲದಕ್ಕೂ ಒಂದೇ ವಾಶ್. ಹಾಗೇ ರೋಲ್ ಪಾಲಿಶ್ ಬೇಡ ಅಂತ ಹೇಳೋದು ಮರೀಬೇಡಿ. ಪಾಲಿಶ್‌ಗೆ ಗಂಜಿ ಹಾಕ್ತಾರೆ. ಗಂಜಿ ಅಂದರೆ ಬೂಷ್ಟಿಗೆ ಊಟ, ಅಲ್ವಾ?

ಬ್ಲೌಸ್ ಬೇರೆಯಾಗಿ ಕೊಡಿ. ಉದ್ದ ತೋಳಿನ ಬ್ಲೌಸ್‌ನಲ್ಲಿ ಕಂಕುಳ ಹತ್ತಿರ ಬೆವರು ಕೂತು ರೇಷ್ಮೆ ಬೇಗ ಹರಿಯುತ್ತೆ.

ಇಡುವ ವಿಷಯ. ಪ್ಲಾಸ್ಟಿಕ್ ಕವರ್ ಬೇಡ, ಜಿಪ್ ಇರೋ ಚಂದದ ಸೀರೆ ಕವರ್ ಕೂಡ ಬೇಡ. ಒಳಗಿನ ತೇವ ಹೊರಗೆ ಹೋಗಲ್ಲ. ಹಳೆ ಬಿಳಿ ಪಂಚೆ, ಗಂಜಿ ನೀಲಿ ಏನೂ ಹಾಕದೆ ಒಗೆದಿದ್ದು, ಅದರಲ್ಲಿ ಸಡಿಲವಾಗಿ ಸುತ್ತಿ. ಜರಿ ಸೀರೆ ಹ್ಯಾಂಗರ್‌ಗೆ ನೇತುಹಾಕಬೇಡಿ, ಅದರ ಭಾರಕ್ಕೆ ಅದೇ ಮಡಿಕೆಯಲ್ಲಿ ಬಿರಿಯುತ್ತೆ. ನುಸಿಗುಳಿಗೆ ಜರಿಗೆ ತಾಗಬಾರದು. ಸೆಂಟು ಅಂತೂ ಹತ್ತಿರ ತರಲೇಬೇಡಿ, ಜರಿ ಕಪ್ಪಾಗುತ್ತೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಒಳ್ಳೇದು. ನೀಲಿ ಬಣ್ಣದ್ದಾದರೆ ತೇವ ಎಳೆದ ಮೇಲೆ ಗುಲಾಬಿ ಆಗುತ್ತೆ, ಆಗ ಬದಲಾಯಿಸಿ. ಮೊದಲೆಲ್ಲ ಬೀರುವಿನ ಕೆಳಗೆ ಸಣ್ಣ ಬಲ್ಬ್ ಉರಿಸಿಡ್ತಿದ್ದರು, ಈಗ ಎಲ್ಲ ಎಲ್ಇಡಿ, ತೇವ ಆರಿಸುವಷ್ಟು ಬಿಸಿ ಅದಕ್ಕಿಲ್ಲ. ಮಳೆ ಹೊಯ್ಯುವಾಗ ಸೀರೆ ಏನಾಗಿದೆಯೋ ಅಂತ ದಿನಾ ಬೀರು ತೆಗೆದು ನೋಡಬೇಡಿ, ತೇವದ ಥಂಡಿ ಗಾಳಿ ಒಳಗೆ ಹೋಗುತ್ತೆ. ಬಿಸಿಲು ಬಂದ ದಿನ ತೆಗೆದು ಜಗಲಿಯಲ್ಲಿ, ನೆರಳಲ್ಲೇ, ಹರಡಿ ಮಡಿಕೆ ಬದಲಾಯಿಸಿ. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಕಳೆದು ಒಳ್ಳೆ ಬಿಸಿಲು ಬಂದಾಗ ಒಂದು ಸಲ, ನವೆಂಬರ್-ಡಿಸೆಂಬರ್‌ನ ಪುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಇನ್ನೊಂದು ಸಲ, ಬೇಸಿಗೆಯಲ್ಲಿ ಒಂದು ಸಲ.

ಬಿಳಿ ಪುಡಿಯಂತೆ ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ ಮೆತ್ತನೆ ಬ್ರಶ್‌ನಲ್ಲಿ ಕೊಡವಿ ಡ್ರೈ ಕ್ಲೀನ್‌ಗೆ ಕೊಡಿ. ಕಪ್ಪು ಚುಕ್ಕೆ ಬಿದ್ದರೆ ಹೋಗೋದು ಕಷ್ಟ.

ಇಷ್ಟೆಲ್ಲ ಆಗಲ್ಲ ಅಂದರೆ ಸುಲಭದ ದಾರಿ ಇದೆ. ಮಳೆಗಾಲಕ್ಕೆ ಮೈಸೂರಿನಲ್ಲೋ ಕುಶಾಲನಗರದಲ್ಲೋ ಇರುವ ನೆಂಟರ ಬೀರುವಿಗೆ ಕಳಿಸಿ. ಅಲ್ಲಿ ನಮ್ಮಷ್ಟು ಥಂಡಿ ಇಲ್ಲ. (ಅವರು ಉಟ್ಟುಕೊಂಡು ಯಾರದೋ ಮದುವೆಗೆ ಹೋದರೆ ನನ್ನನ್ನು ಕೇಳಬೇಡಿ.)

ಇನ್ನು ಇಟ್ಟುಕೊಳ್ಳಬೇಕಾ ಬೇಡ್ವಾ. ಬೇರೆ ಊರಲ್ಲಿ ಮದುವೆ ಸೀರೆ ಆ ದಿನ ಬಿಟ್ಟರೆ ಹೊರಗೆ ಬರೋದೇ ಕಡಿಮೆ, ನಮ್ಮಲ್ಲಿ ಹಾಗಲ್ಲ. ಮನೆಯಲ್ಲಿ ಮುಂದೆ ಆಗುವ ಮದುವೆಗೆ, ಹಬ್ಬಕ್ಕೆ, ನಾಮಕರಣಕ್ಕೆ ಕೆಂಪು ರೇಷ್ಮೆ ಉಡಬಹುದು. ಹಾಗಾಗಿ ನೀವು ಉಡ್ತೀರಿ ಅಂತಾದರೆ ಇಟ್ಟುಕೊಳ್ಳಿ, ಅತ್ತೆ ಹೇಳಿದ್ದು ಸರಿ. ನೆನಪಿಗೆ ಅಂತ ಮಾತ್ರ ಇಡೋದಾದರೆ, ವರ್ಷಾ ವರ್ಷಾ ಮೇಲಿನ ಕೆಲಸ ಯಾರು ಮಾಡ್ತಾರೆ ಅಂತ ಅತ್ತೆ ಹತ್ತಿರವೇ ಕೂತು ಮಾತಾಡಿ. ಇಬ್ಬರಿಗೂ ಆಗಲ್ಲ ಅಂದರೆ ರೇಷ್ಮೆ ಗಟ್ಟಿ ಇರುವಾಗಲೇ ನಾದಿನಿಗೋ ಚಿಕ್ಕಮ್ಮನ ಮಗಳಿಗೋ, ಮದುವೆ ಸೀರೆಗೆ ದುಡ್ಡು ಹೊಂದಿಸಲು ಕಷ್ಟಪಡುತ್ತಿರುವ ಮನೆಗೋ ಕೊಡಿ. ಕೊಟ್ಟ ಮೇಲೆ ಹೀಗೆ ಉಡು, ಹಾಗೆ ಇಡು ಅಂತ ಹೇಳಕ್ಕೆ ಹೋಗಬೇಡಿ. ತಲೆಗೆ ಕಟ್ಟುವ ವಸ್ತ್ರ ಮಾತ್ರ ನೀವೇ ಇಟ್ಟುಕೊಳ್ಳಬಹುದು. ಚಿಕ್ಕದು, ಒಂದು ಡಬ್ಬಿಯಲ್ಲಿ ಹಿಡಿಯುತ್ತೆ.

ಅಕ್ಕ ಹೇಳಿದ ಗೌನ್‌ಗೆ ನನ್ನ ಒಪ್ಪಿಗೆ ಇಲ್ಲ. ಗಟ್ಟಿ ಸೀರೆ ಕತ್ತರಿಸಿದರೆ ಎರಡು ಸಲ ಹಾಕುವ ಗೌನ್ ಆಗುತ್ತೆ, ಐದೂವರೆ ಮೀಟರ್ ಸೀರೆ ಮತ್ತೆ ಬರಲ್ಲ. ಕತ್ತರಿ ಹಾಕೋದು ಹರಿದ ಮೇಲೆ. ಆಗ ಬಾರ್ಡರ್ ಬಿಚ್ಚಿ ಬೇರೆ ರೇಷ್ಮೆಗೆ ಕೂರಿಸಬಹುದು, ಮಗುವಿಗೆ ಲಂಗ ಆಗುತ್ತೆ. ಒಂದು ತುಂಡು ಕಾವೇರಿ ಸಂಕ್ರಮಣದ ಕಣಿ ಪೂಜೆಗೆ ಎತ್ತಿಡಿ. ಕಾವೇರಮ್ಮ ಅಂತ ಪೂಜಿಸುವ ಸೌತೆಕಾಯಿಗೋ ತೆಂಗಿನಕಾಯಿಗೋ ಸುತ್ತಿ ಪದಕ ಹಾಕಕ್ಕೆ ಕೆಂಪು ರೇಷ್ಮೆ ಬೇಕೇ ಬೇಕಲ್ಲ, ಅಂಗಡಿಯಿಂದ ತರೋ ಬದಲು ಇದು ಎಷ್ಟೋ ಮೇಲು. ಕುಶನ್ ಕವರ್, ಫ್ರೇಮ್ ನಮ್ಮ ಗೋಡೆ ಥಂಡಿಗೆ ಆಗಿಬರಲ್ಲ.

ಹಳೆ ಜರಿ ತೆಗೊಳ್ತೀವಿ ಅಂತ ಮನೆ ಬಾಗಿಲಿಗೆ ಬರೋರಿಗೆ ಅವಸರದಲ್ಲಿ ಕೊಡಬೇಡಿ. ಅವರು ಸೀರೆಯನ್ನು ನೋಡಲ್ಲ, ಸುಟ್ಟರೆ ಸಿಗುವ ಬೆಳ್ಳಿ ನೋಡ್ತಾರೆ. ಕೆಎಸ್‌ಐಸಿ (ಸರ್ಕಾರದ ರೇಷ್ಮೆ ನಿಗಮ) ಮೈಸೂರು ಸಿಲ್ಕ್ ಜರಿಯಲ್ಲಿ 65 ಪರ್ಸೆಂಟ್ ಬೆಳ್ಳಿ, 0.65 ಪರ್ಸೆಂಟ್ ಚಿನ್ನ. ಬೇರೆ ಸೀರೆಗಳಲ್ಲಿ ಇದು ಕಡಿಮೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಸೀರೆ ತುದಿಯಲ್ಲಿ ಒಂದು ಜರಿ ಎಳೆ ಎಳೆದು ಉಗುರಲ್ಲಿ ಕೆರೆಯಿರಿ. ಒಳಗೆ ಕೆಂಪು ರೇಷ್ಮೆ ದಾರ ಕಂಡರೆ ಸಾಮಾನ್ಯವಾಗಿ ಅಸಲಿ. ತಾಮ್ರವೋ ಬಿಳಿ ದಾರವೋ ಕಂಡರೆ ಮಾರಾಟದ ಆಸೆ ಬಿಡಿ.

ಲೆಹಂಗಾ ಇದೇ ವರ್ಷ ಯಾರಿಗಾದರೂ ದಾಟಿಸಿ. ಮಣಿ ಉದುರಕ್ಕೆ ಶುರುವಾದರೆ, ಫ್ಯಾಷನ್ ಬದಲಾದರೆ ಸುಮ್ನೆ ಕೊಟ್ಟರೂ ತೆಗೆದುಕೊಳ್ಳೋರಿಲ್ಲ. ಯಜಮಾನರ ಬಿಳಿ ಕುಪ್ಯ (ಮದುವೆಯ ಉದ್ದ ಕೋಟು) ಒಗೆಯದೆ ಇಟ್ಟಿದ್ದರೆ ಕುತ್ತಿಗೆ ಹತ್ತಿರ ಹಳದಿ ಆಗಿರುತ್ತೆ, ಅದನ್ನೂ ನೋಡಿ. ಅವರು ಸೊಂಟಕ್ಕೆ ಕಟ್ಟಿದ ರೇಷ್ಮೆ ಚೇಲೆಯನ್ನು ಸೀರೆ ಜೊತೆಯಲ್ಲೇ ಪಂಚೆಯಲ್ಲಿ ಸುತ್ತಿಡಬಹುದು.

ಹೆಗಲಿನ ಪಿನ್ ಜಾಗದ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ, ಹಿಂಬದಿಯದ್ದೂ ಬೇಕು. ತೂತು ಸಣ್ಣದಿದ್ದರೆ ರಫೂ (ಎಳೆ ಕೂಡಿಸಿ ಮುಚ್ಚೋದು) ಮಾಡಿಸಬಹುದಾ, ಒಳಗೆ ಲೈನಿಂಗ್ ಕೊಡಬೇಕಾ ಅಂತ ನೋಡಿ ಹೇಳ್ತೀನಿ.