ಹಳೇ ಕ್ಲಾಸಿಕ್ ಹಾರರ್ ಸಿನಿಮಾನ ಶಾಟ್ ಬೈ ಶಾಟ್ ರೀಮೇಕ್ ಮಾಡೋದು ಸರಿನಾ?

ನೊಸ್ಫೆರಾಟುನ, ಅಂದ್ರೆ 1922ರ ಜರ್ಮನ್ ಮೂಕಿ ವ್ಯಾಂಪೈರ್ ಸಿನಿಮಾನ, ಶಾರ್ಟ್ ಫಿಲ್ಮ್ ಮಾಡ್ಬೇಕು, ಒಂದೊಂದು ಶಾಟೂ ಒರಿಜಿನಲ್ ಥರಾನೇ ಇರ್ಬೇಕು, ಆದ್ರೆ ಫ್ರೆಂಡ್ಸ್ ಎಲ್ಲ ಕ್ಲಾಸಿಕ್ ಮುಟ್ಬೇಡ ಅಂತಿದಾರೆ ಅಂತ ಬರ್ದಿದೀರ. ಓದಿ ನಗು ಬಂತು, ನಿಮ್ಮನ್ನ ನೋಡಿ ಅಲ್ಲ, ನನ್ನ ನೆನಪಾಗಿ. ಅದೇ ಸಿನಿಮಾ, ಅದೇ ಪ್ಲಾನ್, ನಾನು ಮಾಡಿ ಮುಗಿಸಿ ಮಾನ ಕಳ್ಕೊಂಡು ಕೂತಿದೀನಿ.

ಕಾಲೇಜ್ ಮುಗಿದ ಹೊಸದು. ನೆಟ್ಟಲ್ಲಿ ಫ್ರೀಯಾಗಿ ಸಿಗೋ ಒಂದು ಕಾಪಿ ಇಳಿಸ್ಕೊಂಡಿದ್ದೆ, ಕಪ್ಪು ಬಿಳುಪು, ಮೈತುಂಬಾ ಗೀರು, ಆದ್ರೂ ಅದನ್ನ ನೋಡ್ದಾಗೆಲ್ಲ ಮೈ ಜುಮ್ ಅನ್ನೋದು. ವ್ಯಾಂಪೈರ್ ಪಾತ್ರದ ಮ್ಯಾಕ್ಸ್ ಶ್ರೆಕ್ ಆ ಉದ್ದ ಉಗುರು ಇಟ್ಕೊಂಡು ಬಾಗಿಲಲ್ಲಿ ಸುಮ್ನೆ ನಿಂತ್ಕೊಳ್ತಾನಲ್ಲ, ಅಷ್ಟೇ ಸಾಕು. ಇಂಥದ್ದನ್ನ ನಾನು ಇಂಪ್ರೂವ್ ಮಾಡೋಕೆ ಯಾರು, ಭಕ್ತಿಯಿಂದ ಇದ್ದಂಗೇ ಮಾಡೋಣ ಅಂತ ಹೊರಟೆ. ಎಡಿಟಿಂಗ್ ಸಾಫ್ಟ್‌ವೇರಲ್ಲಿ ಕೆಳಗಿನ ಟ್ರ್ಯಾಕಲ್ಲಿ 1922ರ ಸಿನಿಮಾ, ಮೇಲಿನ ಟ್ರ್ಯಾಕಲ್ಲಿ ನಾವು ಶೂಟ್ ಮಾಡಿದ್ದು, ಅಲ್ಲಿ ಕಟ್ ಬಂದ್ರೆ ಇಲ್ಲೂ ಕಟ್, ಅಲ್ಲಿ ಅವನು ಎಡಕ್ಕೆ ತಿರುಗಿದ್ರೆ ಇಲ್ಲೂ ಎಡಕ್ಕೆ.

ಈಗ ಆ ತಪ್ಪಿಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳಿ.

ಆ ಸಿನಿಮಾದಲ್ಲಿ ಒಂದು ಸೀನ್ ಇದೆ, ವ್ಯಾಂಪೈರ್ ಕೌಂಟ್ ಓರ್ಲಾಕ್ ಹಡಗಿಂದ ಇಳಿದು ತನ್ನ ಶವಪೆಟ್ಟಿಗೇನ ತಾನೇ ಹೊತ್ಕೊಂಡು ಖಾಲಿ ಊರೊಳಗೆ ನಡ್ಕೊಂಡು ಹೋಗ್ತಾನೆ. ನನ್ನ ಕಾಪೀಲಿ ಅದು ಹಾಡಹಗಲು. ಬೆಳಕು ಎಲ್ಲಾ ಕಡೆ, ಗೋಡೆ ಎಲ್ಲ ಬೆಳ್ಳಗೆ. ನಾನು ಅದನ್ನ ನೋಡಿ ಆಹಾ ಏನ್ ಧೈರ್ಯ ಈ ಡೈರೆಕ್ಟರ್ ಮುರ್ನಾವ್‌ಗೆ, ಬೇರೆಯವ್ರೆಲ್ಲ ವ್ಯಾಂಪೈರ್‌ನ ಕತ್ತಲಲ್ಲಿ ಬಚ್ಚಿಟ್ರೆ ಇವನು ಬೆಳಕಿಗೇ ತಂದು ಹೆದರಿಸ್ತಿದಾನೆ ಅಂತ ಥಿಯರಿ ಕಟ್ಕೊಂಡೆ. ನಮ್ಮ ಕ್ಯಾಮೆರಾಮನ್ ಒಂದ್ಸಲ ಕೇಳಿದ್ದ, "ಇವ್ನು ಕೊನೇಲಿ ಬಿಸಿಲು ಬಿದ್ದೇ ಅಲ್ವಾ ಸಾಯೋದು, ಇಲ್ಲಿ ಹೆಂಗೆ ಓಡಾಡ್ತಾನೆ?" ಅಂತ. ಎಷ್ಟು ಸರಿಯಾದ ಪ್ರಶ್ನೆ ನೋಡಿ. ನಾನು ಅವನಿಗೆ ಜರ್ಮನ್ ಎಕ್ಸ್‌ಪ್ರೆಷನಿಸಂ ಅನ್ನೋ ಆ ಕಾಲದ ಸಿನಿಮಾ ಶೈಲಿ ಬಗ್ಗೆ ಒಂದು ಭಾಷಣ ಬಿಗಿದು ಬಾಯಿ ಮುಚ್ಚಿಸ್ದೆ.

ಮಟಮಟ ಮಧ್ಯಾಹ್ನ ಶೂಟ್ ಮಾಡಿದ್ವಿ. ಬೋಳು ತಲೆಗೆ ಹಾಕೋ ಲೇಟೆಕ್ಸ್ ಕ್ಯಾಪ್ ಇರುತ್ತಲ್ಲ, ಸೆಖೆಗೆ ಅದರ ಕೆಳಗೆ ಬೆವರು ತುಂಬ್ಕೊಂಡು ಕಿವಿ ಹತ್ರ ಅಂಚು ಬಿಟ್ಕೊಳ್ತಿತ್ತು, ಪ್ರತಿ ಟೇಕಿಗೂ ಗಮ್ ಹಚ್ಚಿ ಬೆರಳಲ್ಲಿ ಅದುಮಿ ಹಿಡ್ಕೊಂಡು ಒಣಗೋವರೆಗೂ ಕಾಯೋದು, ಆಕ್ಷನ್ ಅನ್ನೋಷ್ಟ್ರಲ್ಲಿ ಇನ್ನೊಂದು ಕಿವಿ ಹತ್ರ ಎದ್ದಿರೋದು. ನಮ್ಮ ವ್ಯಾಂಪೈರ್ ನಟ ಪಾಪ ತುಟಿ ಪಿಟಕ್ ಅನ್ನದೆ ಮಾಡ್ದ.

ಒಂದು ಫಿಲ್ಮ್ ಕ್ಲಬ್ಬಲ್ಲಿ ಸ್ಕ್ರೀನಿಂಗ್ ಆಯ್ತು. ಶವಪೆಟ್ಟಿಗೆ ಸೀನ್ ಹೋದಾಗ ಜನ ಸುಮ್ನಿದ್ರು. ಕೊನೇಲಿ ಸೂರ್ಯ ಹುಟ್ಟಿ, ಕಿಟಕಿ ಹತ್ರ ವ್ಯಾಂಪೈರ್ ಎದೆ ಹಿಡ್ಕೊಂಡು ಕರಗೋ ಟೈಮಿಗೆ ಹಿಂದಿನ ಸಾಲಿಂದ ಯಾರೋ ಅಂದ್ರು, "ಅಲ್ಲಾ, ಮಧ್ಯಾಹ್ನ ಬಿಸಿಲಲ್ಲಿ ಊರೆಲ್ಲ ಸುತ್ತಿದ್ನಲ್ಲ, ಆಗ ಏನೂ ಆಗ್ಲಿಲ್ವಾ?" ಮುಗೀತು. ಟೈಟಲ್ ಕಾರ್ಡ್ ಬರೋವರೆಗೂ ನಗು ನಿಲ್ಲಲಿಲ್ಲ. ಲೈಟ್ ಹಾಕಿದ ಮೇಲೆ ನಾನು ಎದ್ದು ನಿಂತು ಒರಿಜಿನಲ್ಲಲ್ಲೂ ಹೀಗೇ ಇದೆ ಅಂತ ವಾದಕ್ಕೆ ಇಳಿದೆ, ಆಗ ಕ್ಲಬ್ಬಿನ ಒಬ್ರು ಹಿರಿಯರು ತಣ್ಣಗೆ ಹೇಳಿದ್ರು, "ಒರಿಜಿನಲ್ಲಲ್ಲಿ ಅದು ರಾತ್ರಿ ಕಣಪ್ಪ. ನೀಲಿ."

ವಿಷಯ ಏನಂದ್ರೆ, ಆ ಕಾಲದ ಫಿಲ್ಮಿಗೆ ಬೆಳಕು ಜಾಸ್ತಿ ಬೇಕಿತ್ತು, ಹೊರಗಡೆ ರಾತ್ರಿ ಹೊತ್ತು ಶೂಟ್ ಮಾಡೋದು ಸುಲಭ ಇರ್ಲಿಲ್ಲ. ಹಗಲಲ್ಲೇ ಶೂಟ್ ಮಾಡಿ ಆಮೇಲೆ ಪ್ರಿಂಟ್‌ನ ಬಣ್ಣದಲ್ಲಿ ಅದ್ದೋರು, ರಾತ್ರಿ ಸೀನಿಗೆ ನೀಲಿ, ದೀಪದ ಬೆಳಕಿನ ಒಳಾಂಗಣಕ್ಕೆ ಹಳದಿ, ಮುಂಜಾವಿಗೆ ಗುಲಾಬಿ. ಇದಕ್ಕೆ ಟಿಂಟಿಂಗ್ ಅಂತಾರೆ. ಪರದೆ ನೀಲಿ ಆದ್ರೆ ರಾತ್ರಿ ಅಂತ ಆಗಿನ ಪ್ರೇಕ್ಷಕರಿಗೆ ಯಾರೂ ಹೇಳ್ಬೇಕಿರ್ಲಿಲ್ಲ. ಮುಂದೆ ಕಪ್ಪು ಬಿಳುಪು ಫಿಲ್ಮಿಗೆ ಕಾಪಿ ಹೊಡೆದಾಗ ಬಣ್ಣ ಹಾರಿಹೋಯ್ತು, ಹಗಲು ಉಳೀತು. ನಾನು ಶಿಲ್ಪಿಯ ಕೈಚಳಕ ಅಂದ್ಕೊಂಡು ವಿಗ್ರಹದ ಬಿರುಕನ್ನೂ ಕೆತ್ತಿದ್ದೆ.

ರಿಪೇರಿ ಮಾಡೋಕೂ ನೋಡ್ದೆ, ಆಗ್ಲಿಲ್ಲ. ಹಗಲಲ್ಲಿ ರಾತ್ರಿ ತೋರಿಸ್ಬೇಕು ಅಂದ್ರೆ ಶೂಟ್ ಮಾಡುವಾಗ್ಲೇ ಎಕ್ಸ್‌ಪೋಷರ್ ಇಳಿಸ್ಬೇಕು, ಆಕಾಶ ಫ್ರೇಮಿಂದ ಹೊರಗಿಡಬೇಕು, ಸೂರ್ಯ ಪಾತ್ರದ ಹಿಂದಿಂದ ಬರಬೇಕು. ನಾವು ಆಕಾಶನ ಧಾರಾಳವಾಗಿ ಇಟ್ಟು, ಅದು ಸುಟ್ಟು ಬೆಳ್ಳಗಾಗೋವರೆಗೂ ಬಿಟ್ಟಿದ್ವಿ. ಅದಕ್ಕೆ ಎಡಿಟಿಂಗಲ್ಲಿ ನೀಲಿ ಬಣ್ಣ ಹಾಕಿದ್ರೆ ನೀಲಿ ಬಣ್ಣದ ಮಧ್ಯಾಹ್ನ ಆಯ್ತು ಅಷ್ಟೇ. ಲೆನ್ಸ್ ಬಾಡಿಗೆ ಕ್ಯಾಮೆರಾಮನ್ ಕೈಯಿಂದ ಹಾಕಿದ್ದ. ಕೇಳಿದ್ದೂ ಅವನೇ, ಬೈಸ್ಕೊಂಡಿದ್ದೂ ಅವನೇ, ದುಡ್ಡು ಕಳ್ಕೊಂಡಿದ್ದೂ ಅವನೇ. ಅದಾದ್ಮೇಲೆ ಅವನು ಚೆನ್ನಾಗೇ ಕೆಲಸ ಮಾಡ್ತಿದಾನೆ, ನನ್ನ ಮಾತ್ರ ಯಾವುದಕ್ಕೂ ಕರೆದಿಲ್ಲ, ನಾನೂ ಕೇಳೋಕೆ ಹೋಗಿಲ್ಲ.

ಟಿಂಟಿಂಗ್ ಗೊತ್ತಿರ್ಲಿಲ್ಲ ಅನ್ನೋದು ದೊಡ್ಡ ತಪ್ಪಲ್ಲ, ಎಷ್ಟೋ ಜನಕ್ಕೆ ಗೊತ್ತಿರಲ್ಲ. ಈ ಶಾಟ್ ಯಾಕೆ ಹೀಗಿದೆ ಅಂತ ನಾನು ಒಂದ್ಸಲಾನೂ ಕೇಳ್ಕೊಳ್ಲಿಲ್ಲ, ಕ್ಲಾಸಿಕ್ ಅಂದ್ಮೇಲೆ ಎಲ್ಲದಕ್ಕೂ ಕಾರಣ ಇದ್ದೇ ಇರುತ್ತೆ ಅಂತ ನಂಬ್ದೆ, ಅದೇ ದೊಡ್ಡ ತಪ್ಪು. ಸ್ಪೀಡಿನ ಕಥೆಯೂ ಹೀಗೇ. ಮೂಕಿ ಕಾಲದಲ್ಲಿ ಕ್ಯಾಮೆರಾ ಹ್ಯಾಂಡಲ್ ಕೈಯಲ್ಲಿ ತಿರುಗಿಸೋರು, ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಒಂದು ಲೆಕ್ಕ ಇರ್ಲಿಲ್ಲ, ಅದನ್ನ ಈಗಿನ 24 ಫ್ರೇಮಿಗೆ ಓಡಿಸಿದ್ರೆ ಎಲ್ರೂ ದಡಬಡ ಓಡಾಡ್ತಾರೆ. ನಾನು ಆ ಓಡಾಟಕ್ಕೇ ಟೈಮ್ ಮ್ಯಾಚ್ ಮಾಡಿ ನಮ್ಮ ಹೀರೋ ಕೈಲಿ ಮೆಟ್ಟಿಲು ಓಡಿ ಹತ್ತಿಸ್ದೆ. ಮುರ್ನಾವ್ ಬೇಕಂತಲೇ ವೇಗ ಮಾಡಿದ ಜಾಗ ಒಂದಿದೆ, ಓರ್ಲಾಕ್‌ನ ಕುದುರೆಗಾಡಿ ಬರೋದು, ಕಾಡಲ್ಲಿ ಅದೇ ಪ್ರಯಾಣದ ಒಂದು ತುಣುಕನ್ನ ನೆಗೆಟಿವ್ ಆಗೇ ತೋರಿಸಿ ಮರಗಳನ್ನ ಬೆಳ್ಳಗೆ ಮಾಡಿದಾನೆ. ಬೇಕಂತ ಮಾಡಿದ್ದು ಯಾವುದು, ಪ್ರಿಂಟ್ ಹಾಳಾಗಿದ್ದು ಯಾವುದು ಅಂತ ನನಗೆ ಬೇರೆ ಮಾಡೋಕೇ ಬರ್ಲಿಲ್ಲ.

ಅದಕ್ಕೇ ಗೌರವದಿಂದ ಹಾಗೇ ಮಾಡ್ತೀನಿ ಅಂತೀರಲ್ಲ, ಅದು ನನಗೆ ಭಯ. ಹಾಗಂತ ಮುಟ್ಬೇಡ ಅನ್ನೋ ನಿಮ್ಮ ಫ್ರೆಂಡ್ಸ್ ಮಾತೂ ಒಪ್ಪಲ್ಲ. ಯಾವ ಕ್ಲಾಸಿಕ್ ಮುಟ್ಬಾರ್ದು ಹೇಳಿ? ನೊಸ್ಫೆರಾಟು ಅನ್ನೋದೇ ಕದ್ದ ಮಾಲು ಸ್ವಾಮಿ. ಬ್ರಾಮ್ ಸ್ಟೋಕರ್‌ನ 1897ರ ಡ್ರಾಕುಲಾ ಕಾದಂಬರೀನ ಹಕ್ಕು ತಗೊಳ್ದೆ, ಪಾತ್ರಗಳ ಹೆಸರು ಬದಲಾಯಿಸಿ ತೆಗೆದಿದ್ದು. ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಕೇಸ್ ಹಾಕಿದ್ರು, 1925ರಲ್ಲಿ ಎಲ್ಲ ಪ್ರಿಂಟೂ ನಾಶ ಮಾಡಿ ಅಂತ ಜರ್ಮನಿ ಕೋರ್ಟ್ ಆದೇಶ ಕೊಡ್ತು. ಅಷ್ಟರಲ್ಲಿ ಹೊರದೇಶಕ್ಕೆ ಹೋಗಿದ್ದ ಕಾಪಿಗಳಿಂದ ಅದು ಬದುಕ್ತು. ಟಿಂಟ್ ಇದ್ದ ಒಂದು ಫ್ರೆಂಚ್ ಪ್ರಿಂಟ್ ಉಳಿದಿದ್ದರಿಂದ ಬಣ್ಣ ಹೆಂಗಿತ್ತು ಅಂತಾದ್ರೂ ಈಗ ಗೊತ್ತಾಗಿದೆ. ಇಷ್ಟೆಲ್ಲ ಆಗಿ ಬಂದಿರೋದನ್ನ ಗರ್ಭಗುಡೀಲಿಟ್ಟು ಪೂಜೆ ಮಾಡಿ ಅಂದ್ರೆ ಹೇಗೆ.

ಇನ್ನೊಂದು ತಮಾಷೆ ಗೊತ್ತಾ? ಕಾದಂಬರೀಲಿ ಡ್ರಾಕುಲಾ ಹಗಲಲ್ಲಿ ಆರಾಮಾಗಿ ಓಡಾಡ್ತಾನೆ. ಶಕ್ತಿ ಕಮ್ಮಿ ಇರುತ್ತೆ, ಸಾಯಲ್ಲ. ಲಂಡನ್ ಬೀದೀಲಿ ಹಗಲು ಹೊತ್ತು ನಿಂತಿರೋದನ್ನ ಕಾದಂಬರಿ ಹೀರೋ ಜೊನಾಥನ್ ನೋಡ್ತಾನೆ. ಅವನು ಸಾಯೋದು ಚಾಕು ಏಟಿಗೆ. ಬಿಸಿಲು ಬಿದ್ರೆ ವ್ಯಾಂಪೈರ್ ಸಾಯುತ್ತೆ ಅಂತ ನಾವೆಲ್ಲ ನಂಬಿದೀವಲ್ಲ, ಅದನ್ನ ತಂದಿದ್ದೇ ಈ ಕದ್ದ ಸಿನಿಮಾ! ಅಂದ್ರೆ ಹಗಲಲ್ಲಿ ತಿರುಗೋ ನನ್ನ ವ್ಯಾಂಪೈರ್ ತಪ್ಪೇನಲ್ಲ. ಕ್ಯಾಮೆರಾಮನ್ ಕೇಳಿದಾಗ ಒಂದು ನಿಮಿಷ ಕೂತು, ಹೌದಲ್ಲ, ಹಾಗಾದ್ರೆ ಇವನು ಬಿಸಿಲಿಗೆ ಸಾಯೋದು ಬೇಡ, ಊರು ಪೂರ್ತಿ ಬೆಳಕಲ್ಲಿದ್ರೂ ಯಾರೂ ಇವನನ್ನ ತಡೀತಿಲ್ಲ ಅಂತ ತೋರಿಸೋಣ ಅಂದಿದ್ರೆ ಅದು ನಮ್ಮದೇ ಸಿನಿಮಾ ಆಗ್ತಿತ್ತು. ಕೊನೆ ಬದಲಾಯಿಸೋಕೆ ನನಗೆ ಧೈರ್ಯ ಬರ್ಲಿಲ್ಲ. ಭಕ್ತಿ ಅಡ್ಡ ಬಂತು.

ಗೆದ್ದಿರೋ ರೀಮೇಕ್‌ಗಳನ್ನ ನೋಡಿ, ಯಾರಿಗೂ ಈ ಭಕ್ತಿ ಇಲ್ಲ. 1958ರ ದಿ ಫ್ಲೈಲಿ ಮನುಷ್ಯ ಒಂದು ಕಡೆಯಿಂದ ಇನ್ನೊಂದು ಕಡೆ ಕಳಿಸೋ ಮಷೀನಿಂದ ಆಚೆ ಬರ್ತಿದ್ದಂಗೆ ನೊಣದ ತಲೆ ಬಂದಿರುತ್ತೆ. 1986ರ ರೀಮೇಕಲ್ಲಿ ಡೈರೆಕ್ಟರ್ ಕ್ರೋನೆನ್‌ಬರ್ಗ್ ಒಂದು ಪಾತ್ರದ ಹೆಸರನ್ನೂ ಉಳಿಸ್ಕೊಳ್ಲಿಲ್ಲ, ಬದಲಾವಣೇನ ನಿಧಾನ ಮಾಡ್ದ, ಉಗುರು ಕಿತ್ತು ಬರುತ್ತೆ, ಹಲ್ಲು ಉದುರುತ್ತೆ, ನೋಡ್ತಾ ನೋಡ್ತಾ ಪ್ರೀತಿಸೋರು ಕಾಯಿಲೆ ಬಿದ್ದು ಕರಗೋದನ್ನ ನೋಡ್ದಂಗಾಗುತ್ತೆ. ಡೈರೆಕ್ಟರ್ ಜಾನ್ ಕಾರ್ಪೆಂಟರ್ ಕಥೆ ಇನ್ನೂ ಚೆನ್ನಾಗಿದೆ. 1951ರ ದಿ ಥಿಂಗ್ ಫ್ರಮ್ ಅನದರ್ ವರ್ಲ್ಡ್ ಅವನಿಗೆ ಎಷ್ಟು ಇಷ್ಟ ಅಂದ್ರೆ ತನ್ನ ಹ್ಯಾಲೋವೀನ್ ಸಿನಿಮಾದಲ್ಲಿ ಟೀವೀಲಿ ಅದನ್ನೇ ಓಡಿಸಿದಾನೆ. ಆದ್ರೆ 1982ರಲ್ಲಿ ತಾನೇ ದಿ ಥಿಂಗ್ ಮಾಡುವಾಗ ಆ ಸಿನಿಮಾನ ಪಕ್ಕಕ್ಕಿಟ್ಟು ಅದರ ಮೂಲವಾದ 1938ರ ಕಥೆಗೆ ಹೋದ, ಅಲ್ಲಿ ಬೇರೆ ಲೋಕದಿಂದ ಬಂದ ಜೀವಿ ಯಾರ ರೂಪ ಬೇಕಾದ್ರೂ ತಾಳುತ್ತೆ, ಹಳೇ ಸಿನಿಮಾ ಅದನ್ನೇ ಬಿಟ್ಟಿತ್ತು. ರಿಲೀಸ್ ಆದಾಗ ಜನ ಉಗಿದ್ರು, ಈಗ ಅದೇ ಕ್ಲಾಸಿಕ್.

ನಿಮ್ಮ ಪ್ಲಾನನ್ನ ದುಡ್ಡಿಟ್ಟು ಮಾಡಿದವರೂ ಇದಾರೆ. ಗಸ್ ವ್ಯಾನ್ ಸ್ಯಾಂಟ್ 1998ರಲ್ಲಿ ಹಿಚ್ಕಾಕ್ ಸಿನಿಮಾ ಸೈಕೋನ ಹೆಚ್ಚುಕಮ್ಮಿ ಶಾಟ್ ಬೈ ಶಾಟ್ ಕಲರಲ್ಲಿ ತೆಗೆದ, ಅದೇ ಸ್ಕ್ರಿಪ್ಟು, ಅದೇ ಮ್ಯೂಸಿಕ್ಕು. ಒಳ್ಳೇ ಡೈರೆಕ್ಟರ್, ಒಳ್ಳೇ ನಟರು. ಒಂದ್ಸಲ ನೋಡಿ, ಎಲ್ಲಾ ಇದೆ, ಭಯ ಒಂದು ಬಿಟ್ಟು.

ಹಾಗಾದ್ರೆ ಆಪ್ತಮಿತ್ರ ಅಂತ ಕೆಳಗೆ ಯಾರಾದ್ರೂ ಕೇಳೇ ಕೇಳ್ತೀರ, ಮೊದಲೇ ಹೇಳ್ಬಿಡ್ತೀನಿ. ಮಲಯಾಳಂನ ಮಣಿಚಿತ್ರತಾಳ್ 1993, ಆಪ್ತಮಿತ್ರ 2004, ಆಮೇಲೆ ತಮಿಳಲ್ಲಿ ಚಂದ್ರಮುಖಿ, ಹಿಂದೀಲಿ ಭೂಲ್ ಭುಲಯ್ಯಾ. ಅದು ಬೇರೆ ಆಟ. ನೋಡೋಕೆ ಬಂದ ಬಹಳಷ್ಟು ಜನಕ್ಕೆ ಮೂಲ ಗೊತ್ತೇ ಇರ್ಲಿಲ್ಲ, ಸೌಂದರ್ಯ ನಾಗವಲ್ಲಿಯಾಗಿ ತಿರುಗಿ ನೋಡಿದಾಗ ನಿಜವಾಗ್ಲೂ ಬೆಚ್ಚಿಬಿದ್ರು. ನೊಸ್ಫೆರಾಟುದಲ್ಲಿ ಮೆಟ್ಟಿಲು ಹತ್ತೋ ಓರ್ಲಾಕ್ ನೆರಳು ಸಿನಿಮಾ ನೋಡದವರಿಗೂ ಗೊತ್ತು. ಗೊತ್ತಿರೋ ನೆರಳಿಗೆ ಯಾರು ಹೆದರ್ತಾರೆ.

ಹಾಗಾಗಿ ನನ್ನ ಅಭಿಪ್ರಾಯ, ಸರಿನಾ ತಪ್ಪಾ ಅನ್ನೋ ಪ್ರಶ್ನೆ ಬಿಡಿ. ಆ ಸಿನಿಮಾದಲ್ಲಿ ನಿಮಗೆ ಕಿರಿಕಿರಿ ಮಾಡೋದೇನು ಅಂತ ಬರ್ಕೊಳಿ. ಏನೂ ಇಲ್ಲ, ಎಲ್ಲಾ ಪರ್ಫೆಕ್ಟ್ ಅಂತಾದ್ರೆ ರೀಮೇಕ್ ಬೇಡ, ಇನ್ನೊಂದ್ಸಲ ನೋಡಿ ಖುಷಿಪಡಿ. ನನ್ನ ಕೇಳಿದ್ರೆ ನೊಸ್ಫೆರಾಟುದಲ್ಲಿ ನಾಯಕಿ ಎಲ್ಲೆನ್ ವ್ಯಾಂಪೈರ್‌ನ ಬೆಳಗಾಗೋವರೆಗೂ ತಡೆದು ನಿಲ್ಲಿಸೋಕೆ ತನ್ನನ್ನೇ ಕೊಟ್ಕೊಳ್ತಾಳೆ, ಆದ್ರೆ ಸಿನಿಮಾ ಬಹಳಷ್ಟು ಹೊತ್ತು ಅವಳ ಗಂಡನ ಹಿಂದೆ ಓಡುತ್ತೆ. 2024ರ ರೀಮೇಕಲ್ಲಿ ರಾಬರ್ಟ್ ಎಗರ್ಸ್ ಹಿಡಿದಿದ್ದು ಅದನ್ನೇ, ಅವಳಿಂದಲೇ ಶುರು ಮಾಡ್ದ. 1979ರ ರೀಮೇಕಲ್ಲಿ ಡೈರೆಕ್ಟರ್ ಹೆರ್ಜೋಗ್‌ಗೆ ಬೇಕಿದ್ದಿದ್ದು ಸಾಯೋಕಾಗದೆ ಸುಸ್ತಾದ ವ್ಯಾಂಪೈರ್, ಆ ಪಾತ್ರ ಮಾಡಿದ ಕ್ಲಾಸ್ ಕಿನ್ಸ್ಕಿ ಮುಖ ನೋಡಿದ್ರೆ ಪಾಪ ಅನ್ಸುತ್ತೆ. ಇಬ್ರೂ ಬೇರೆ ಬೇರೆ ತಕರಾರು ಹಿಡ್ಕೊಂಡು ಹೋದ್ರು, ನಿಮ್ಮದು ಮೂರನೇದು ಇರ್ಲಿ. ಊರಿಗೆ ಇಲಿ ಬಂತು, ಪ್ಲೇಗ್ ಬಂತು, ಜನ ಬಾಗಿಲು ಹಾಕ್ಕೊಂಡ್ರು, ಅದನ್ನಷ್ಟೇ ತಗೊಂಡು ವ್ಯಾಂಪೈರ್‌ನ ಪೂರ್ತಿ ಬಿಟ್ಟು ಮಾಡಿದ್ರೂ ನಾನು ಬಂದು ನೋಡ್ತೀನಿ.

ಆದ್ರೂ ಆ ನೆರಳಿನ ಶಾಟ್ ಒಂದು ಬೇಕೇ ಬೇಕು ಅಂತ ನಿಮಗಿರುತ್ತೆ, ನನಗೂ ಇತ್ತು. ಸಾಫ್ಟ್‌ಬಾಕ್ಸ್, ಎಲ್‌ಇಡಿ ಪ್ಯಾನಲ್ ಹಚ್ಚಿ ಒದ್ದಾಡ್ಬೇಡಿ, ನೆರಳಿನ ಅಂಚು ಮಬ್ಬಾಗಿ ಬೆರಳು ಬೆರಳು ಬಿಡಿಯಾಗಿ ಕಾಣಲ್ಲ. ಚಿಕ್ಕ ಬರೀ ಬಲ್ಬು, ಒಂದೇ ಒಂದು, ಮುಂದೆ ಏನೂ ಅಡ್ಡ ಇರ್ಬಾರ್ದು. ನಟ ಬಲ್ಬಿಗೆ ಹತ್ರ ಬಂದಷ್ಟೂ ಗೋಡೆ ಮೇಲೆ ನೆರಳು ದೊಡ್ಡದಾಗುತ್ತೆ. ಮತ್ತೆ ಮ್ಯೂಸಿಕ್. ಸಿನಿಮಾ ಹಳೇದು, ಫ್ರೀ ಅಂತ ನೆಟ್ ಕಾಪೀಲಿ ಕೇಳ್ಸೋ ಸಂಗೀತ ಎತ್ಕೋಬೇಡಿ, ಹಾನ್ಸ್ ಎರ್ಡ್‌ಮನ್ ಬರೆದ ಮೂಲ ಸಂಗೀತ ಬಹುಪಾಲು ಕಳೆದುಹೋಗಿದೆ, ಈಗ ಸಾಮಾನ್ಯವಾಗಿ ಸಿಗೋದೆಲ್ಲ ಆಮೇಲೆ ಯಾರೋ ಕೂರಿಸಿದ್ದು, ಅದರ ಹಕ್ಕು ಅವರದು. ಅಪ್‌ಲೋಡ್ ಮಾಡಿದ ಮೇಲೆ ಕಾಪಿರೈಟ್ ಕ್ಲೇಮ್ ಬರುತ್ತೆ.