ಮನೆಯ ಇನ್ವರ್ಟರ್ ಮೇಲೆ ಡೆಸ್ಕ್‌ಟಾಪ್ ಕಂಪ್ಯೂಟರ್ ನಡೆಸಬಹುದೇ? ಬೇರೆ ಯುಪಿಎಸ್ ಬೇಕೇ?

ಯುಪಿಎಸ್ (ಕರೆಂಟು ಹೋದಾಗ ಕಂಪ್ಯೂಟರನ್ನು ಆರದಂತೆ ಹಿಡಿದಿಡುವ ಬ್ಯಾಟರಿ ಪೆಟ್ಟಿಗೆ) ಕೊಳ್ಳಲು ಹೊರಡುವ ಮೊದಲು ನಿಮ್ಮ ಇನ್ವರ್ಟರಿನ ಹಿಂಭಾಗವನ್ನು ಒಮ್ಮೆ ನೋಡಿ. ಅಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಕೆಲವು ಮಾದರಿಗಳಲ್ಲಿ ಮುಂಭಾಗದಲ್ಲಿಯೇ ಇರುತ್ತದೆ. ಅದರ ಒಂದು ಕಡೆ ‘ಯುಪಿಎಸ್’ ಎಂದೂ ಇನ್ನೊಂದು ಕಡೆ ‘ಇಕೋ’ ಅಥವಾ ‘ನಾರ್ಮಲ್’ ಎಂದೂ ಬರೆದಿರುತ್ತದೆ. ಮೂಡಿಗೆರೆ ತಾಲ್ಲೂಕಿನ ನಿಮ್ಮ ಮನೆಯಲ್ಲಿ 900 ವಿಎ ಇನ್ವರ್ಟರ್, 150 ಆಂಪಿಯರ್ ಅವರ್ ಬ್ಯಾಟರಿ ಇದೆ, ಕರೆಂಟು ಹೋದಾಗ ದೀಪಗಳಿಗೆ ಏನೂ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಮೊದಲಿನಿಂದ ಶುರುವಾಗುತ್ತದೆ ಎಂದು ಬರೆದಿದ್ದೀರಿ. ಬಹುಪಾಲು ಆ ಸ್ವಿಚ್ ಇಕೋ ಕಡೆಗೇ ಇರಬೇಕು. ನಾನು ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಮತ್ತು ಇನ್ವರ್ಟರ್ ದುರಸ್ತಿ ಮಾಡುತ್ತೇನೆ. ನಿಮ್ಮ ಭಾಗದ ಮನೆಗಳಿಂದ ಈ ದೂರು ಬಂದಾಗಲೆಲ್ಲ ಮೊದಲು ನೋಡುವುದು ಅದನ್ನೇ.

ಕಾರಣ ಇದು. ಮುಖ್ಯ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಇನ್ವರ್ಟರ್ ಯುಪಿಎಸ್ ಸ್ಥಿತಿಯಲ್ಲಿ ಸುಮಾರು 10ರಿಂದ 15 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಇಕೋ ಸ್ಥಿತಿಯಲ್ಲಿ 40 ಮಿಲಿಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಒದಗಿಸುವ ಪೆಟ್ಟಿಗೆ) ತನ್ನ ಕೆಪಾಸಿಟರಿನಲ್ಲಿ ಉಳಿದಿರುವ ಶಕ್ತಿಯಿಂದ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳಬಲ್ಲದು. ಹೊರೆ ಕಡಿಮೆಯಿದ್ದರೆ ಇನ್ನಷ್ಟು ಹೊತ್ತು. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಅಲೆಗೇ 20 ಮಿಲಿಸೆಕೆಂಡ್ ಬೇಕು, ಅಂದರೆ ನಾವು ಮಾತನಾಡುತ್ತಿರುವುದು ಒಂದೆರಡು ಅಲೆ ತಪ್ಪುವ ವಿಷಯ. ಆ ಅಂತರ ದೀಪಕ್ಕೂ ಫ್ಯಾನಿಗೂ ತಿಳಿಯುವುದಿಲ್ಲ, ಕಂಪ್ಯೂಟರಿಗೆ ತಿಳಿಯುತ್ತದೆ.

ಎರಡನೆಯದಾಗಿ, ಇನ್ವರ್ಟರ್ ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವ ಸೈನ್ ವೇವ್ ಮಾದರಿಯದೋ ಚೌಕಾಕಾರದ ಒರಟು ಅಲೆ ಕೊಡುವ ಸ್ಕ್ವೇರ್ ವೇವ್ ಮಾದರಿಯದೋ ಎಂದು ಅದರ ಮೇಲಿನ ಚೀಟಿಯಲ್ಲಿ ನೋಡಿಕೊಳ್ಳಿ. ಬ್ಯಾಟರಿಯ ಮೇಲೆ ನಡೆಯುವಾಗ ಫ್ಯಾನು ಗುಂಯ್‌ಗುಡುತ್ತಿದ್ದರೆ ಅದು ಸ್ಕ್ವೇರ್ ವೇವ್ ಎಂದೇ ತಿಳಿಯಬಹುದು. ಅದರ ಮೇಲೆ ಹಳೆಯ ಕಾಲದ ಸಾದಾ ಎಸ್‌ಎಂಪಿಎಸ್ ಹೇಗೋ ನಡೆದುಕೊಂಡು ಹೋಗುತ್ತದೆ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ, ಕರೆಂಟನ್ನು ಅಲೆಗೆ ಹೊಂದಿಸಿ ಎಳೆಯುವ ವ್ಯವಸ್ಥೆ ಇದ್ದು, ಅವಕ್ಕೆ ಆ ಒರಟು ಅಲೆ ಒಗ್ಗುವುದಿಲ್ಲ. ಬಿಸಿಯಾಗುತ್ತವೆ, ಕೆಲವೊಮ್ಮೆ ಆರಿಯೇ ಹೋಗುತ್ತವೆ. ನಿಮ್ಮದು ಸ್ಕ್ವೇರ್ ವೇವ್ ಆಗಿದ್ದರೆ ಹೊಸ ಯುಪಿಎಸ್‌ಗೆ ಖರ್ಚು ಮಾಡುವ ಬದಲು ಅದನ್ನು ಕೊಟ್ಟು ಸೈನ್ ವೇವ್ ಇನ್ವರ್ಟರ್ ತೆಗೆದುಕೊಳ್ಳಿ. ಸ್ಕ್ವೇರ್ ವೇವ್ ಮುಂದೆ ಸಣ್ಣ ಯುಪಿಎಸ್ ಕೂರಿಸಿದರೆ ಆ ಯುಪಿಎಸ್ ಅದನ್ನು ಕರೆಂಟೆಂದೇ ಒಪ್ಪದೆ ತನ್ನ ಪುಟ್ಟ ಬ್ಯಾಟರಿಗೆ ಇಳಿದು, ಹತ್ತು ಹದಿನೈದು ನಿಮಿಷ ಕೂಗಿ ಸುಮ್ಮನಾಗುತ್ತದೆ.

ಸೈನ್ ವೇವ್ ಇದ್ದು, ಯುಪಿಎಸ್ ಸ್ಥಿತಿಗೆ ಹಾಕಿದ ಮೇಲೆ ರಿಸ್ಟಾರ್ಟ್ ನಿಂತರೆ ಮುಗಿಯಿತು, ಬೇರೇನೂ ಬೇಡ ಎಂದು ಊರಿನೊಳಗಿನವರಿಗಾದರೆ ಹೇಳಿಬಿಡಬಹುದಿತ್ತು. ತೋಟದ ನಡುವಿನ ಮನೆಗಳಿಗೆ ಹಾಗೆ ಹೇಳಲಾಗುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ಸುತ್ತಲಿನ ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ಪಂಪುಗಳು ಒಟ್ಟಿಗೇ ಎದ್ದಾಗ, ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ಮನೆಗೆ 230 ವೋಲ್ಟ್ ಬರಬೇಕಾದಲ್ಲಿ 160 ಬಂದರೆ ಆಶ್ಚರ್ಯವಿಲ್ಲ. ಯುಪಿಎಸ್ ಸ್ಥಿತಿಯ ಇನ್ವರ್ಟರ್ ಸುಮಾರು 180ಕ್ಕಿಂತ ಕೆಳಗಿನ ವೋಲ್ಟೇಜನ್ನು ಒಪ್ಪುವುದಿಲ್ಲ, ಬ್ಯಾಟರಿಗೆ ಇಳಿದುಬಿಡುತ್ತದೆ. ಲೈನಿನಲ್ಲಿ ಕರೆಂಟು ಇದ್ದೂ ನಿಮ್ಮ ಬ್ಯಾಟರಿ ಬರಿದಾಗುತ್ತಿರುತ್ತದೆ. ನೀವು ಸಣ್ಣ ಯುಪಿಎಸ್ ಕೊಳ್ಳಬೇಕಾದದ್ದು ಈ ಪರಿಸ್ಥಿತಿ ಇದ್ದರೆ ಮಾತ್ರ. ಇನ್ವರ್ಟರನ್ನು ಇಕೋದಲ್ಲಿಯೇ ಬಿಟ್ಟು ಕಂಪ್ಯೂಟರಿಗಷ್ಟೇ 600 ವಿಎ ಯುಪಿಎಸ್ ಹಾಕಿ. ಕಡಿಮೆ ವೋಲ್ಟೇಜನ್ನು ಎತ್ತಿಕೊಡುವ ಎವಿಆರ್ ಅದರಲ್ಲಿದೆಯೇ, ಎಷ್ಟು ವೋಲ್ಟಿನವರೆಗೆ ಬ್ಯಾಟರಿಗೆ ಇಳಿಯದೆ ನಿಲ್ಲುತ್ತದೆ ಎಂದು ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಆಗಿದ್ದರೆ ಈ ತಲೆನೋವೇ ಇಲ್ಲ. ಅದರ ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಮುದ್ರಿಸಿರುತ್ತದೆ, 160ರಲ್ಲಿಯೂ ನೆಮ್ಮದಿಯಾಗಿ ನಡೆಯುತ್ತದೆ.

ಈಗ, ಇದರಿಂದ ಕಂಪ್ಯೂಟರ್ ಹಾಳಾಗುತ್ತದೆಯೇ ಎಂಬ ನಿಮ್ಮ ಮುಖ್ಯ ಪ್ರಶ್ನೆ. ಕರೆಂಟು ಹೋಗುವುದರಿಂದ ಯಂತ್ರಕ್ಕೆ ಆಗುವ ಹಾನಿ ಕಡಿಮೆ. ಅದು ವಾಪಸ್ ಬರುವ ರೀತಿಗೆ ಹೆದರಬೇಕು. ಇನ್ವರ್ಟರ್ ಇದೆ, ಕಂಪ್ಯೂಟರ್ ಕ್ಷೇಮ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಕರೆಂಟು ಇರುವಷ್ಟು ಹೊತ್ತು ಮನೆಯ ಇನ್ವರ್ಟರ್ ಅದನ್ನು ಶುದ್ಧಿ ಮಾಡುವುದಿಲ್ಲ. ಒಂದು ರಿಲೇ ಮೂಲಕ ಬಂದದ್ದನ್ನು ಬಂದಹಾಗೆ ಒಳಗೆ ಬಿಡುತ್ತದೆ. ಆಷಾಢದ ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ ಕೆಲವು ಮನೆಗಳಿಗೆ 300 ವೋಲ್ಟ್ ದಾಟಿ, 400ರ ಹತ್ತಿರದವರೆಗೂ ಬರಬಹುದು. ಹೆಚ್ಚು ವೋಲ್ಟೇಜ್ ಕಂಡೊಡನೆ ಇನ್ವರ್ಟರ್ ಬ್ಯಾಟರಿಗೆ ಇಳಿಯಬೇಕು ನಿಜ, ಎಷ್ಟೋ ಬಾರಿ ಇಳಿಯುತ್ತದೆ ಕೂಡ. ಅದರ ಮೇಲೆಯೇ ಭಾರ ಹಾಕಿ ಕೂರಬೇಡಿ. ಮೀಟರ್ ಬೋರ್ಡಿನ ನಂತರ ಹೆಚ್ಚು–ಕಡಿಮೆ ವೋಲ್ಟೇಜಿಗೆ ತಾನೇ ಕಡಿದು, ಸರಿಯಾದ ಮೇಲೆ ಒಂದೆರಡು ನಿಮಿಷ ಬಿಟ್ಟು ಜೋಡಿಸುವ ಸಾಧನ ಸಿಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಹಾಕಿಸಿ. ನಮ್ಮ ಮಲೆನಾಡಿನ ಮನೆಗೆ ಇದಕ್ಕಿಂತ ಉಪಯುಕ್ತ ಖರ್ಚು ನನಗೆ ಬೇರೆ ಕಾಣುವುದಿಲ್ಲ. ಒಂದು ಕೋಣೆಯ ದೀಪ ವಿಪರೀತ ಉರಿದು, ಪಕ್ಕದ ಮನೆಯಲ್ಲಿ ಮಂಕಾಗಿದೆ ಎಂದರೆ ತಕ್ಷಣ ಮೇನ್ ಸ್ವಿಚ್ ಇಳಿಸಿ ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಕರೆ ಮಾಡಿ.

ಸಿಡಿಲಿನ ವಿಷಯವೇ ಬೇರೆ. ನಮ್ಮಲ್ಲಿ ಗುಡುಗು ಸಿಡಿಲು ಹೆಚ್ಚು ಕಾಣುವುದು ಏಪ್ರಿಲ್, ಮೇ ತಿಂಗಳಲ್ಲಿ ಮತ್ತು ಮಳೆಗಾಲ ಹಿಂದೆ ಸರಿಯುವಾಗ. ಜೂನ್, ಜುಲೈನಲ್ಲಿ ಗಾಳಿ ಮಳೆಯದೇ ಕಾರುಬಾರು. ಹೊರೆ ಹೆಚ್ಚಾದಾಗ ಕಡಿಯುವ ಎಂಸಿಬಿ ಆಗಲಿ, ವೋಲ್ಟೇಜಿನ ದಿಢೀರ್ ಏರಿಕೆ ತಡೆಯುವ ಸ್ಪೈಕ್ ಬಸ್ಟರ್ ಆಗಲಿ ಹತ್ತಿರದ ಸಿಡಿಲಿಗೆ ಅಡ್ಡ ನಿಲ್ಲಲಾರವು. ಗುಡುಗು ದೂರದಲ್ಲಿ ಕೇಳುತ್ತಿರುವಾಗಲೇ ಕಂಪ್ಯೂಟರಿನ ಪ್ಲಗ್ ಕಿತ್ತಿಡಿ. ಇನ್ವರ್ಟರಿಗೆ ಬರುವ ಪ್ಲಗ್ಗನ್ನೂ ಕೀಳಿ. ಇಂಟರ್‌ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ಬಿಡಿಸಿ. ಫೈಬರ್ ಗಾಜಿನ ಎಳೆಯಾದ್ದರಿಂದ ಕರೆಂಟು ಒಯ್ಯುವುದಿಲ್ಲ, ಆದರೆ ಅದರ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿಯೇ ಇರುತ್ತದಲ್ಲ.

ಅರ್ಥಿಂಗ್ ಬಗ್ಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿಯ ಬಗ್ಗೆ, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬರಿಗಾಲಿನಲ್ಲಿ ನಿಂತು ಕಂಪ್ಯೂಟರಿನ ಲೋಹದ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮಧ್ಯದ ತುದಿ ಲೋಹದ ಪೆಟ್ಟಿಗೆಗೆ ಸೇರಿರುತ್ತದೆ. ಅರ್ಥ್ ತಂತಿ ಇಲ್ಲದಿದ್ದರೆ ಆ ಪೆಟ್ಟಿಗೆಯ ಮೇಲೆ ಮುಖ್ಯ ವೋಲ್ಟೇಜಿನ ಅರ್ಧದಷ್ಟು, ಸುಮಾರು 115 ವೋಲ್ಟ್, ನಿಂತುಬಿಡುತ್ತದೆ. ಹರಿಯುವ ಪ್ರಮಾಣ ತೀರಾ ಅಲ್ಪವಾದ್ದರಿಂದ ಜುಮ್ಮೆಂದು ಬಿಡುತ್ತದೆ, ಅಷ್ಟೇ. ಆದರೆ ಅದರ ಅರ್ಥ ಸ್ಪಷ್ಟ: ನಿಮ್ಮ ಅರ್ಥ್ ಕೆಲಸ ಮಾಡುತ್ತಿಲ್ಲ. ನಾಳೆ ಒಳಗೆ ಫೇಸ್ ತಂತಿಯೇ ಪೆಟ್ಟಿಗೆಗೆ ತಾಗಿದರೆ ಮನೆಯ ಮಗು ಅದನ್ನು ಮುಟ್ಟಬಹುದು. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ತೂತು ಇದ್ದರೂ ಹಿಂದೆ ತಂತಿಯೇ ಇರುವುದಿಲ್ಲ, ಇದ್ದರೂ ಅರ್ಥ್ ಗುಂಡಿ ಬೇಸಿಗೆಗೆ ಒಣಗಿರುತ್ತದೆ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಈ ಅಳತೆಯನ್ನು ಮಳೆಗಾಲದಲ್ಲಲ್ಲ, ಮಾರ್ಚ್‌ನಲ್ಲಿ ಮಾಡಿಸಿ.

ಎಷ್ಟು ಹೊತ್ತು ನಡೆಯುತ್ತದೆ ಎಂಬುದಕ್ಕೆ ಲೆಕ್ಕ: 150 ಆಂಪಿಯರ್ ಅವರ್ ಗುಣಿಸು 12 ವೋಲ್ಟ್, 1800 ವ್ಯಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಲ್ಲಿಗೆ 900. ಇನ್ವರ್ಟರ್ ತಿನ್ನುವ ಪಾಲು ಕಳೆದರೆ 700ರ ಆಸುಪಾಸು. ಸಾಧಾರಣ ಡೆಸ್ಕ್‌ಟಾಪ್, ಎಲ್‌ಇಡಿ ಮಾನಿಟರ್, ವೈಫೈ ಪೆಟ್ಟಿಗೆ ಸೇರಿ 150 ವ್ಯಾಟ್ ಎಂದುಕೊಂಡರೆ ನಾಲ್ಕೂವರೆ ಗಂಟೆ. ಲ್ಯಾಪ್‌ಟಾಪ್ ಆದರೆ ಹತ್ತು ಗಂಟೆಯ ಹತ್ತಿರ. ಅರ್ಧ ಖಾಲಿಯಾದ ಬ್ಯಾಟರಿ ಮತ್ತೆ ತುಂಬಲು ಏಳೆಂಟು ಗಂಟೆ ಕರೆಂಟು ಬೇಕು. ಮಳೆಗಾಲದಲ್ಲಿ ನಿಮ್ಮಲ್ಲಿ ಅಷ್ಟು ಹೊತ್ತು ಕರೆಂಟು ಇರದ ದಿನಗಳು ಬರುತ್ತವೆ. ಅರೆಹೊಟ್ಟೆಯಲ್ಲೇ ಉಳಿದ ಬ್ಯಾಟರಿಯ ತಗಡುಗಳ ಮೇಲೆ ಸಲ್ಫೇಟ್ ಕಟ್ಟಿ ಅದು ಬೇಗ ಸಾಯುತ್ತದೆ. ಅಂಥ ವಾರಗಳಲ್ಲಿ ಕೆಲಸಕ್ಕೆ ಬೇಕಾದಷ್ಟೇ ಹೊತ್ತು ಕಂಪ್ಯೂಟರ್ ಹಚ್ಚಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಗಾಳಿಯಾಡುವ ಜಾಗದಲ್ಲಿಡಿ. ತುಂಬುವಾಗ ಹೈಡ್ರೋಜನ್ ಬಿಡುತ್ತದೆ, ದೇವರ ಕೋಣೆಯ ದೀಪದ ಪಕ್ಕ ಅದಕ್ಕೆ ಜಾಗವಲ್ಲ.

ಜನರೇಟರ್ ತರುವ ಯೋಚನೆ ಇದ್ದರೆ ಒಂದೇ ಮಾತು: ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಜೋಡಿಸುವ ಸ್ವಿಚ್) ಇಲ್ಲದೆ ಅದನ್ನು ಮನೆಯ ವೈರಿಂಗಿಗೆ ಜೋಡಿಸಬೇಡಿ. ಎರಡೂ ತುದಿಗೆ ಪ್ಲಗ್ ಕಟ್ಟಿದ ತಂತಿಯಿಂದ ಸಾಕೆಟ್ಟಿಗೆ ಕೊಟ್ಟ ಕರೆಂಟು ಟಿಸಿ ಹತ್ತಿ ಲೈನಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಮಳೆಯಲ್ಲಿ ಕಂಬದ ಮೇಲೆ ಲೈನ್‌ಮನ್ ಇರುತ್ತಾರೆ.

ಇನ್ವರ್ಟರ್ ಬ್ಯಾಟರಿ ಮುಗಿದಾಗ ಕಂಪ್ಯೂಟರಿಗೆ ತಿಳಿಸುವುದಿಲ್ಲ. ಸುಮಾರು 10.5 ವೋಲ್ಟಿಗೆ ಇಳಿದೊಡನೆ ಕಡಿದುಬಿಡುತ್ತದೆ. ಅದಕ್ಕೆ ಮೊದಲು ಕೂಗು ಹಾಕುತ್ತದೆ, ಆಗ ಕಡತ ಉಳಿಸಿ ಬಂದ್ ಮಾಡಿ. ಇನ್ನು ಪ್ರಿಂಟರ್: ಇಂಕ್‌ಜೆಟ್ ಆದರೆ ಇನ್ವರ್ಟರ್ ಮೇಲೆ ಧಾರಾಳವಾಗಿ ನಡೆಸಿ. ಲೇಸರ್ ಬೇಡ. ಹಾಳೆ ಬಿಸಿ ಮಾಡುವ ರೋಲರ್ ಒಮ್ಮೆಗೇ ನೂರಾರು ವ್ಯಾಟ್ ಎಳೆಯುತ್ತದೆ, ಕಂಪ್ಯೂಟರಿನ ಜೊತೆ ಸೇರಿದರೆ 900 ವಿಎ ಇನ್ವರ್ಟರ್ ಓವರ್‌ಲೋಡ್ ಆಗಿ ಎರಡನ್ನೂ ಕಡಿಯಬಹುದು. ಅದನ್ನು ಇನ್ವರ್ಟರಿಗೆ ಸೇರದ, ಲೈನ್ ಕರೆಂಟಿನ ಸಾಕೆಟ್ಟಿಗೇ ಹಾಕಿ.